31 ಅಡಿಯ ಹಾಯಿದೋಣಿಗೆ ಎಷ್ಟು ಎಲೆಕ್ಟ್ರಾನಿಕ್ಸ್ ಬೇಕು? ಗೋವಾದಿಂದ ಕೊಚ್ಚಿಗೆ ಹೋಗುವ ಯೋಚನೆ

ಪಣಂಬೂರಿನವ

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಭಾವ ಸೇರಿ ಗೋವಾದಲ್ಲಿ ಒಂದು ಹಳೆಯ ಹಾಯಿದೋಣಿ ತಗೊಂಡಿದ್ದೇವೆ. 31 ಅಡಿ ಉದ್ದ, ಫೈಬರ್ ಮೈ, ನೀರಿನ ಕೆಳಗೆ 1.6 ಮೀಟರ್ ಇಳಿಯುತ್ತದೆ, ಒಳಗೊಂದು ಚಿಕ್ಕ ಡೀಸೆಲ್ ಎಂಜಿನ್. ಹಾಯಿ, ಹಗ್ಗ, ಎಂಜಿನ್ ಎಲ್ಲ ಚೆನ್ನಾಗಿವೆ. ಆದರೆ ಎಲೆಕ್ಟ್ರಾನಿಕ್ಸ್ ಅಂತ ಏನಿತ್ತೋ ಅದೆಲ್ಲ ಉಪ್ಪು ತಿಂದು ಹೋಗಿದೆ. ಈಗ ಕೆಲಸ ಮಾಡುತ್ತಿರುವುದು ಕಂಪಾಸ್ ಒಂದೇ.

ಡಿಸೆಂಬರ್‌ನಲ್ಲಿ ಗೋವಾ ಬಿಟ್ಟು ಕಾರವಾರ, ಮಲ್ಪೆ, ಮಂಗಳೂರು, ಆಮೇಲೆ ಕೊಚ್ಚಿ. ಅದು ಚೆನ್ನಾಗಿ ಆದರೆ ಮುಂದಿನ ವರ್ಷ ಪರ್ಮಿಟ್ ಮಾಡಿಸಿಕೊಂಡು ಲಕ್ಷದ್ವೀಪ. ದೋಣಿಯಲ್ಲಿ ನಾವಿಬ್ಬರೇ. ಕಾರವಾರದಿಂದ ಮಲ್ಪೆ ಸುಮಾರು 95 ನಾಟಿಕಲ್ ಮೈಲಿ, ನಮ್ಮ 5 ನಾಟ್ (ಗಂಟೆಗೆ 5 ನಾಟಿಕಲ್ ಮೈಲಿ) ವೇಗಕ್ಕೆ 19 ಗಂಟೆ, ಅಂದರೆ ಒಂದು ರಾತ್ರಿ ಕಡಲಲ್ಲೇ ಕಳೆಯಬೇಕು.

ಸಾಮಾನು ಮಾರುವ ಒಬ್ಬರು ದೋಣಿ ನೋಡಿ ಪಟ್ಟಿ ಕೊಟ್ಟರು. 12 ಇಂಚಿನ ಚಾರ್ಟ್‌ಪ್ಲಾಟರ್ (ಕಡಲ ನಕ್ಷೆ ಮೇಲೆ ದೋಣಿ ಎಲ್ಲಿದೆ ಅಂತ ತೋರಿಸುವ ಪರದೆ), ಕ್ಯಾಬಿನ್ ಒಳಗೆ ಇನ್ನೊಂದು ಪರದೆ, ರೇಡಾರ್, ಎಐಎಸ್ (ಹಡಗುಗಳು ತಮ್ಮ ಹೆಸರು, ಜಾಗ, ವೇಗವನ್ನು ರೇಡಿಯೋ ಮೂಲಕ ಒಂದಕ್ಕೊಂದು ತಿಳಿಸುವ ಯಂತ್ರ), ಆಟೋಪೈಲಟ್, ಗಾಳಿ, ವೇಗ, ಆಳ ತೋರಿಸುವ ಮೂರು ಮೀಟರ್, ಎಲ್ಲ ಸೇರಿ 9 ಲಕ್ಷ. ಇಷ್ಟು ಇಲ್ಲದೆ ರಾತ್ರಿ ಹೋಗಲೇಬೇಡಿ ಅಂದರು. ನಮ್ಮ ಕೈಯಲ್ಲಿ ಇರುವುದು ಮೂರೂವರೆ ಲಕ್ಷ. ಭಾವ ಹೇಳುವುದು, ಫೋನಲ್ಲಿ ಜಿಪಿಎಸ್ ಇದೆ, ನಕ್ಷೆ ಇದೆ, ಮತ್ತೇನು ಬೇಕು ಅಂತ. ಇಬ್ಬರ ಮಾತೂ ಪೂರ್ತಿ ಒಪ್ಪಿಗೆಯಾಗುತ್ತಿಲ್ಲ. ಮನೆಯಲ್ಲಿ ಅಮ್ಮ, ಹೆಂಡತಿ ಇಬ್ಬರೂ ಗಾಬರಿಯಲ್ಲಿದ್ದಾರೆ, ಅವರಿಗೂ ನಾನು ಸರಿಯಾಗಿ ಉತ್ತರ ಕೊಡಬೇಕು. ನಿಜವಾಗಿ ಹೋಗಿ ಬಂದವರು ಹೇಳಿ, ಮೊದಲು ಯಾವುದಕ್ಕೆ ದುಡ್ಡು ಹಾಕಲಿ?

ಸೆಕೆಂಡ್ ಮೇಟ್ ಉಳ್ಳಾಲ

ನಾನು ಬಲ್ಕ್ ಕ್ಯಾರಿಯರ್ ಹಡಗಿನಲ್ಲಿ ಸೆಕೆಂಡ್ ಆಫೀಸರ್. ರಾತ್ರಿ 12ರಿಂದ 4ರವರೆಗೆ ಬ್ರಿಡ್ಜ್‌ನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ನಿಲ್ಲುವವನು ನಾನೇ. ಹಾಗಾಗಿ ನಿಮ್ಮಂಥ ದೋಣಿ ನಮಗೆ ಹೇಗೆ ಕಾಣುತ್ತದೆ ಅನ್ನುವುದರಿಂದಲೇ ಶುರು ಮಾಡುತ್ತೇನೆ. ಎಷ್ಟೋ ಸಲ ಕಾಣುವುದೇ ಇಲ್ಲ.

12 ಮೀಟರಿಗಿಂತ ಚಿಕ್ಕ ದೋಣಿಯ ಕೆಂಪು ಹಸಿರು ದೀಪ 1 ಮೈಲಿ ದೂರಕ್ಕೆ ಕಂಡರೆ ಸಾಕು ಅಂತ ಅಂತರರಾಷ್ಟ್ರೀಯ ನಿಯಮವೇ ಇದೆ. ನಾವು 14 ನಾಟ್‌ನಲ್ಲಿ ಬರುತ್ತಿದ್ದರೆ ಆ ಒಂದು ಮೈಲಿ ನಾಲ್ಕು ನಿಮಿಷ ಚಿಲ್ಲರೆಗೆ ಮುಗಿಯುತ್ತದೆ, 18 ನಾಟ್‌ನ ಕಂಟೇನರ್ ಹಡಗಾದರೆ ಮೂರು ನಿಮಿಷ ಚಿಲ್ಲರೆ. ಅಷ್ಟರಲ್ಲಿ ನಾನು ನಿಮ್ಮ ದೀಪ ನೋಡಿ, ಅದು ಯಾವ ಕಡೆ ಹೋಗುತ್ತಿದೆ ಅಂತ ತಿಳಿದು, ಅಷ್ಟು ಭಾರದ ಹಡಗನ್ನು ತಿರುಗಿಸಬೇಕು. ರೇಡಾರ್ ಇದೆಯಲ್ಲ ಅಂತೀರಾ? ಫೈಬರ್ ಮೈ ರೇಡಾರ್‌ಗೆ ಸರಿಯಾಗಿ ಸಿಗುವುದಿಲ್ಲ. ಸ್ವಲ್ಪ ಅಲೆ ಎದ್ದರೆ ಅಲೆಯ ಚುಕ್ಕೆಗಳ ನಡುವೆ ನಿಮ್ಮ ಚುಕ್ಕೆ ಕಳೆದುಹೋಗುತ್ತದೆ.

ಅದಕ್ಕೇ ನನ್ನ ಮಾತು ಒಂದೇ, ಎಐಎಸ್ ಟ್ರಾನ್ಸ್‌ಪಾಂಡರ್. ಬರೀ ರಿಸೀವರ್ ಅಲ್ಲ, ಕಳಿಸುವಂಥದ್ದು. ಚಿಕ್ಕ ದೋಣಿಗಳಿಗೆ ಇರುವ ಕ್ಲಾಸ್ ಬಿ ಸಾಕು, 2 ವ್ಯಾಟ್‌ನದ್ದು ಇರುತ್ತದೆ, ದುಡ್ಡು ಉಳಿದರೆ 5 ವ್ಯಾಟ್‌ನದ್ದು ತಗೊಳ್ಳಿ. ಅಂತರರಾಷ್ಟ್ರೀಯ ಮಾರ್ಗದಲ್ಲಿ ಓಡುವ 300 ಟನ್ ಮೇಲಿನ ಹಡಗುಗಳೆಲ್ಲ ಎಐಎಸ್ ಇಟ್ಟುಕೊಂಡಿರಲೇಬೇಕು, ಹಾಗಾಗಿ ನಮ್ಮ ಹೆಸರು, ವೇಗ, ದಿಕ್ಕು ನಿಮಗೆ ಸಿಗುತ್ತದೆ. ಎಷ್ಟು ಹತ್ತಿರದಿಂದ, ಇನ್ನೆಷ್ಟು ನಿಮಿಷಕ್ಕೆ ಹಾದುಹೋಗುತ್ತೇವೆ ಅನ್ನುವುದನ್ನೂ ಅದೇ ಲೆಕ್ಕ ಹಾಕಿ ಹೇಳುತ್ತದೆ. ಆಂಟೆನಾ ಕಂಬದ ತುದಿಯಲ್ಲಿರಲಿ. ನಮ್ಮ ಆಂಟೆನಾ ಹೇಗೂ ಎತ್ತರದಲ್ಲಿದೆ, 15 ಮೈಲಿ ದೂರದಿಂದಲೇ ಮಾತು ಸಾಧ್ಯ.

ಇದರ ಜೊತೆಗೆ ಡಿಎಸ್‌ಸಿ (ಗುಂಡಿ ಒತ್ತಿದರೆ ಅಪಾಯದ ಕರೆ ತಾನೇ ಕಳಿಸುವ ವ್ಯವಸ್ಥೆ) ಇರುವ 25 ವ್ಯಾಟ್‌ನ ವಿಎಚ್‌ಎಫ್ ರೇಡಿಯೋ ಬೇಕೇ ಬೇಕು. "ನನ್ನ ಎದುರಿನ ಹಡಗೇ" ಅಂತ ಎಲ್ಲ ಹಡಗಿನವರೂ ಕೇಳುತ್ತಿರುವ 16ನೇ ಚಾನಲ್‌ನಲ್ಲಿ ಕೂಗಿದರೆ ಯಾರೂ ಉತ್ತರ ಕೊಡುವುದಿಲ್ಲ. ಹಡಗಿನ ಹೆಸರು ಹಿಡಿದು ಕರೆದರೆ ಕೊಡುತ್ತಾರೆ. ಆ ಹೆಸರು ನಿಮಗೆ ತಿಳಿಯುವುದು ಎಐಎಸ್‌ನಿಂದ. ರೇಡಿಯೋಗೂ ಎಐಎಸ್‌ಗೂ ಲೈಸೆನ್ಸ್ ಮತ್ತು ಎಂಎಂಎಸ್‌ಐ ನಂಬರ್ (ದೋಣಿಯ ರೇಡಿಯೋ ಗುರುತಿನ ಸಂಖ್ಯೆ) ಮಾಡಿಸಿ, ನಮ್ಮ ದೇಶದ್ದು 419ರಿಂದ ಶುರುವಾಗುತ್ತದೆ. ಅದಕ್ಕೆ ಟೈಮ್ ಬೇಕು, ಡಿಸೆಂಬರ್ ತನಕ ಕಾಯಬೇಡಿ.

ಒಂದು ಎಚ್ಚರಿಕೆ. ದೋಣಿಗಳು ತುಂಬಿದ ಕಡೆ ಪರದೆ ಗಿಜಿಗಿಜಿ ಆಗುತ್ತದೆ ಅಂತ ಕೆಲವರು ಕ್ಲಾಸ್ ಬಿ ಚುಕ್ಕೆಗಳನ್ನು ಮುಚ್ಚಿಡುತ್ತಾರೆ. ಕಳಿಸುತ್ತಿದ್ದೇನೆ, ಹಾಗಾಗಿ ಅವರು ನೋಡಿರುತ್ತಾರೆ ಅಂತ ಮಾತ್ರ ಅಂದುಕೊಳ್ಳಬೇಡಿ.

ಮಲ್ಪೆ ಬಂದರು

ಸೆಕೆಂಡ್ ಮೇಟ್ ಹೇಳಿದ್ದೆಲ್ಲ ದೊಡ್ಡ ಹಡಗಿನ ಮಾತು. ಕಾರವಾರದಿಂದ ಮಲ್ಪೆಗೆ ತಡಿ ಹಿಡಿದು ಬರುವವರಿಗೆ ಸಿಗುವುದು ಹಡಗಿಗಿಂತ ಜಾಸ್ತಿ ನಾವು ಮಾರಾಯ್ರೆ. ನಮ್ಮ ಮನೆಯಲ್ಲಿ ಮೂರು ತಲೆಮಾರು ಮೀನಿಗೆ ಹೋಗಿದ್ದೇವೆ. ದೊಡ್ಡ ಬೋಟುಗಳಲ್ಲಿ ಜಿಪಿಎಸ್, ಫಿಶ್ ಫೈಂಡರ್, ವೈರ್‌ಲೆಸ್ ಎಲ್ಲ ಇದೆ, ಕೆಲವದರಲ್ಲಿ ಎಐಎಸ್ ಕೂಡ ಇದೆ. ನಾಡದೋಣಿಯವರ ಹತ್ತಿರ ಏನಿದೆ? ಒಂದು ಟಾರ್ಚ್, ಒಂದು ಫೋನ್. ಅವರು ನಿಮ್ಮ ಯಾವ ಪರದೆಯಲ್ಲೂ ಬರುವುದಿಲ್ಲ.

ಸಂಜೆ ಬಲೆ ಬಿಟ್ಟರೆ ಅದು ಕಿಲೋಮೀಟರ್‌ಗಟ್ಟಲೆ ಹರಡಿರುತ್ತದೆ. ತುದಿಗೆ ಒಂದು ಬಾವುಟ, ಇಲ್ಲವೇ ಖಾಲಿ ಕ್ಯಾನ್, ಅದರ ಮೇಲೆ ಮಿಣಿಮಿಣಿ ಅನ್ನುವ ಬ್ಯಾಟರಿ ದೀಪ. ಅಲೆ ಮೇಲೆ ಬಂದಾಗ ಕಾಣುತ್ತದೆ, ಇಳಿದಾಗ ಇಲ್ಲ. ಕತ್ತಲಲ್ಲಿ ಯಾರಾದರೂ ನಿಮ್ಮ ಕಡೆ ಟಾರ್ಚ್ ಬೀಸಿದರೆ ದರೋಡೆಯವರು ಅಂತ ಹೆದರಬೇಡಿ. ಇಲ್ಲಿ ಬಲೆ ಇದೆ, ಆಚೆ ಹೋಗಿ ಅಂತ ಹೇಳುತ್ತಿದ್ದಾರೆ. ಟಾರ್ಚ್ ಯಾವ ಕಡೆ ಬೀಸುತ್ತಾರೋ ನೋಡಿ, ವೇಗ ಇಳಿಸಿ ಆ ಕಡೆ ತಿರುಗಿ. ನಿಮ್ಮ ಪ್ರೊಪೆಲ್ಲರ್‌ಗೆ ಬಲೆ ಸುತ್ತಿದರೆ ನಿಮಗೆ ಒಂದು ರಾತ್ರಿಯ ಕಷ್ಟ, ಅವನಿಗೆ ಸಾಲ ಮಾಡಿ ತಂದ ಬಲೆ ಹೋಯಿತು. ಇದನ್ನು ದಯವಿಟ್ಟು ಮನಸ್ಸಿನಲ್ಲಿಡಿ.

ಹಾಗಾಗಿ ನಾನು ಹೇಳುವ ಸಾಮಾನು ಬೇರೆ. ಒಳ್ಳೆಯ ಸರ್ಚ್‌ಲೈಟ್, ಒಳ್ಳೆಯ ಬೈನಾಕ್ಯುಲರ್, ಹಲ್ಲಿರುವ ಚೂಪಾದ ಚಾಕು. ಮತ್ತೆ ಚುಕ್ಕಾಣಿ ಹತ್ತಿರ ದೊಡ್ಡ ಪರದೆ ಹಾಕಬೇಡಿ. ನಮ್ಮ ಬೋಟಿನಲ್ಲೇ ನೋಡಿದ್ದೇನೆ, ಆ ಬೆಳಕನ್ನು ನೋಡಿ ತಲೆ ಎತ್ತಿದರೆ ಸ್ವಲ್ಪ ಹೊತ್ತು ಕಡಲು ಬರೀ ಕಪ್ಪು. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷವಾದರೂ ಬೇಕು.

ಅಳಿವೆ, ಅಂದರೆ ಹೊಳೆ ಕಡಲಿಗೆ ಸೇರುವ ಜಾಗದ ವಿಷಯ ಇನ್ನೂ ಮುಖ್ಯ. ಪ್ರತಿ ಮಳೆಗಾಲದಲ್ಲಿ ಅಳಿವೆ ಬಾಯಿಯ ಮರಳು ಜಾಗ ಬದಲಾಯಿಸುತ್ತದೆ. ಗಂಗೊಳ್ಳಿಯಲ್ಲಾಗಲಿ, ಮಂಗಳೂರಿನ ಹಳೆ ಬಂದರಿನಲ್ಲಾಗಲಿ ಹೋದ ವರ್ಷದ ದಾರಿ ಈ ವರ್ಷ ಇರುವುದಿಲ್ಲ. ನಿಮ್ಮ ನಕ್ಷೆಯಲ್ಲಿ ಮೂರು ಮೀಟರ್ ಅಂತ ಬರೆದಿರಬಹುದು, ನಂಬಬೇಡಿ. ಹೊರಗೆ ಕಾಯಿರಿ, ಬೆಳಗಾಗಲಿ, ನೀರು ಏರುವ ಹೊತ್ತು ನೋಡಿ ಒಂದು ಬೋಟಿನ ಹಿಂದೆ ಬನ್ನಿ. ನನ್ನ ತಂದೆ ಗುಡ್ಡದ ತಲೆಯನ್ನೂ ಕಾಪು ದೀಪಸ್ತಂಭವನ್ನೂ ಒಂದರ ಮೇಲೊಂದು ಸೇರಿಸಿ ಜಾಗ ಹಿಡಿಯುತ್ತಿದ್ದರು. ಆ ದೀಪ 1901ರದ್ದು, ಇವತ್ತಿಗೂ ಉರಿಯುತ್ತದೆ. ಹಗಲಾದರೆ ಮುರ್ಡೇಶ್ವರದ 123 ಅಡಿಯ ಶಿವ ಇದ್ದಾನೆ, ಅದಕ್ಕಿಂತ ಒಳ್ಳೆಯ ಗುರುತು ಬೇಕಾ?

ಸೌತಾಂಪ್ಟನ್ ಕನ್ನಡಿಗ

ನಾನು ಇಲ್ಲಿ ಹನ್ನೊಂದು ವರ್ಷದಿಂದ 29 ಅಡಿ ದೋಣಿಯಲ್ಲಿ ಇಂಗ್ಲೆಂಡಿನ ದಕ್ಷಿಣ ತಡಿಯ ಸೋಲೆಂಟ್ ಜಲಸಂಧಿ ಸುತ್ತುತ್ತಿದ್ದೇನೆ, ಇಂಗ್ಲಿಷ್ ಚಾನಲ್ ದಾಟಿ ಫ್ರಾನ್ಸಿನ ಶೆರ್ಬುರ್ಗ್‌ಗೂ ಹಲವು ಸಲ ಹೋಗಿದ್ದೇನೆ. ಇಲ್ಲಿಯ ಕಡಲು ಬೇರೆ. ಉಬ್ಬರ ಇಳಿತ ನಾಲ್ಕೈದು ಮೀಟರ್, ಸೆಳೆತ ನಮ್ಮ ದೋಣಿಯ ವೇಗಕ್ಕಿಂತ ಜಾಸ್ತಿ ಇರುವ ಜಾಗಗಳಿವೆ, ಬೇಸಿಗೆಯಲ್ಲೂ ದಿಢೀರ್ ಮಂಜು ಕವಿಯುತ್ತದೆ. ನಮ್ಮ ಕರಾವಳಿಯಲ್ಲಿ ಉಬ್ಬರ ಇಳಿತ ಎರಡು ಮೀಟರಿನ ಒಳಗೆ. ಆದ್ದರಿಂದ ಇಲ್ಲಿಯವರ ಸಾಮಾನು ಪಟ್ಟಿಯನ್ನು ಹಾಗೇ ತಗೊಂಡು ಹೋಗಿ ಅಲ್ಲಿ ಹಾಕಬೇಡಿ. ನಿಮಗೆ ಸಿಕ್ಕ ಪಟ್ಟಿ ನೋಡಿದರೆ ಅದೇ ಆಗಿರುವ ಹಾಗಿದೆ.

ನಾನು ಮಾಡುವುದು ಹೀಗೆ. ಪ್ರತಿ ಸಾಮಾನಿಗೂ, ಇದು ನಡುರಾತ್ರಿ ಸತ್ತರೆ ನಾನು ಏನು ಮಾಡುತ್ತೇನೆ ಅಂತ ಕೇಳಿಕೊಳ್ಳುತ್ತೇನೆ. ಪ್ಲಾಟರ್ ಸತ್ತರೆ ಫೋನ್ ಇದೆ. ನೆಟ್‌ವರ್ಕ್ ಇಲ್ಲದಿದ್ದರೂ ಫೋನಿನ ಜಿಪಿಎಸ್ ಕೆಲಸ ಮಾಡುತ್ತದೆ, ನಕ್ಷೆ ಮೊದಲೇ ಇಳಿಸಿಟ್ಟುಕೊಂಡಿರಬೇಕು ಅಷ್ಟೇ. ಫೋನೂ ಸತ್ತರೆ ಕಂಪಾಸ್, ಪೇಪರ್ ಚಾರ್ಟ್ ಮತ್ತು ಗಂಟೆಗೊಮ್ಮೆ ಪುಸ್ತಕದಲ್ಲಿ ಬರೆದಿಟ್ಟ ಜಾಗ. "ನಾನೆಲ್ಲಿದ್ದೇನೆ" ಅನ್ನುವುದು ಈಗ ತುಂಬಾ ಅಗ್ಗವಾಗಿ ಸಿಗುವ ಉತ್ತರ, ಅಲ್ವಾ? ಅದಕ್ಕೆ ಎರಡು ದೊಡ್ಡ ಪರದೆ ಯಾಕೆ? 7 ಇಂಚಿನದ್ದು ಒಂದು ಸಾಕು. ಆದರೆ ಆಳ ತೋರಿಸುವ ಯಂತ್ರ ಸತ್ತರೆ ಫೋನ್ ಆ ಕೆಲಸ ಮಾಡುವುದಿಲ್ಲ. ರೇಡಿಯೋ ಸತ್ತರೂ ಅಷ್ಟೇ, ತಡಿಯಿಂದ ಹತ್ತು ಹದಿನೈದು ಮೈಲಿ ಆಚೆ ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳುವ ಹಾಗಿಲ್ಲ.

ಆಳದ ಮೀಟರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಇದನ್ನು ಪಟ್ಟಿಯ ಕೊನೆಗೆ ಹಾಕುತ್ತಾರೆ. ಕರ್ನಾಟಕದ ತಡಿಯಿಂದ ಆಚೆ ಹೋದಂತೆ ಆಳ ನಿಧಾನವಾಗಿ ಹೆಚ್ಚುತ್ತದೆ. ಹಾಗಾಗಿ 20 ಮೀಟರ್ ಆಳದ ಗೆರೆ ಹಿಡಿದು ಹೋದರೆ ಅದೇ ನಿಮಗೆ ಒಂದು ದಾರಿ. ಆಳ 15ಕ್ಕೆ ಬಂತು ಅಂದರೆ ಪರದೆ ಏನೇ ಹೇಳಲಿ ನೀವು ತಡಿ ಕಡೆ ಸರಿದಿದ್ದೀರಿ. ಜಿಪಿಎಸ್‌ಗೆ ಸಂಬಂಧವೇ ಇಲ್ಲದ ಎರಡನೇ ಸಾಕ್ಷಿ ಅದು. ಲಕ್ಷದ್ವೀಪದಲ್ಲಿ ಮಾತ್ರ ಇದು ನಡೆಯುವುದಿಲ್ಲ. ಅಲ್ಲಿ ಹವಳದ ದಿಬ್ಬ ಪಾತಾಳದಿಂದ ಗೋಡೆ ಎದ್ದ ಹಾಗೆ ಎದ್ದಿರುತ್ತದೆ, ಮೀಟರ್ ಏನೂ ಓದದೆ ಇದ್ದದ್ದು ಒಮ್ಮೆಲೇ ಐದು ಮೀಟರ್ ಅನ್ನುತ್ತದೆ. ಅಲ್ಲಿ ಸೂರ್ಯ ನೆತ್ತಿ ಮೇಲೆ ಬಂದು ಬೆನ್ನಿನ ಕಡೆ ಇರುವಾಗ, ಒಬ್ಬರು ಮುಂದೆ ನಿಂತು ನೀರಿನ ಬಣ್ಣ ನೋಡಿಕೊಂಡೇ ಒಳಗೆ ಹೋಗಬೇಕು.

ಇನ್ನೊಂದು ವಿಷಯ, ನಕ್ಷೆಯ ಜೂಮ್. 2014ರ ನವೆಂಬರ್ 29ರಂದು ವೋಲ್ವೋ ಓಷನ್ ರೇಸ್ ಅನ್ನುವ ಲೋಕ ಸುತ್ತುವ ಹಾಯಿದೋಣಿ ಸ್ಪರ್ಧೆಯಲ್ಲಿ ಟೀಮ್ ವೆಸ್ಟಾಸ್ ವಿಂಡ್ ಅನ್ನುವ 65 ಅಡಿಯ ದೋಣಿ ಮಾರಿಷಸ್‌ನ ಈಶಾನ್ಯಕ್ಕಿರುವ ಕಾರ್ಗಾಡೋಸ್ ಕರಾಜೋಸ್ ಹವಳದ ದಿಬ್ಬಕ್ಕೆ ರಾತ್ರಿ ಹೋಗಿ ಬಡಿಯಿತು. ಲೋಕದ ಅತ್ಯುತ್ತಮ ನಾವಿಕರು, ಬೇಕಾದ ಉಪಕರಣ ಎಲ್ಲ ಇತ್ತು. ಆ ದಿಬ್ಬ ನಕ್ಷೆಯಲ್ಲೂ ಇತ್ತು. ಅವರು ನೋಡಿದ ಜೂಮ್‌ನಲ್ಲಿ ಮಾತ್ರ ಅದು ಅಪಾಯ ಅಂತ ಕಾಣಲಿಲ್ಲ. ಯಾರ ಪ್ರಾಣವೂ ಹೋಗಲಿಲ್ಲ, ದೇವರ ದಯೆ. ಅದಾದ ಮೇಲೆ ನಾನು ಹೊರಡುವ ಮೊದಲು ಇಡೀ ದಾರಿಯನ್ನು ದೊಡ್ಡದು ಮಾಡಿ ಬೆರಳಲ್ಲಿ ಎಳೆದು ನೋಡದೆ ಹಗ್ಗ ಬಿಚ್ಚಿದ್ದಿಲ್ಲ. ನಿಮ್ಮ ದಾರಿಯಲ್ಲಿ ನೇತ್ರಾಣಿ ದ್ವೀಪ ಇದೆ, ಮಲ್ಪೆ ಎದುರು ಸೇಂಟ್ ಮೇರೀಸ್ ದ್ವೀಪಗಳ ತಗ್ಗು ಬಂಡೆಗಳಿವೆ. ಒಂದೊಂದನ್ನೂ ಹೀಗೇ ನೋಡಿಕೊಳ್ಳಿ.

ರೇಡಾರ್ ಬೇಡ ಅಂತ ನನ್ನ ಅಭಿಪ್ರಾಯ. ಡಿಸೆಂಬರ್ ಜನವರಿಯಲ್ಲಿ ನಮ್ಮ ಕಡಲು ಎಷ್ಟು ಶಾಂತ. ಆ ದುಡ್ಡನ್ನು ಆಟೋಪೈಲಟ್‌ಗೆ ಹಾಕಿ. ಇಬ್ಬರೇ ಇದ್ದಾಗ ಗಂಟೆಗಟ್ಟಲೆ ಚುಕ್ಕಾಣಿ ಹಿಡಿದವನಿಗೆ ಸುತ್ತ ನೋಡಲು ಶಕ್ತಿ ಉಳಿಯುವುದಿಲ್ಲ. ಮಲ್ಪೆಯವರು ಹೇಳಿದ ಬಲೆಯ ದೀಪ ಕಾಣಬೇಕಾದರೆ ಕಣ್ಣು ಖಾಲಿ ಇರಬೇಕು.

ಪಣಂಬೂರಿನವ

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಭಾವನನ್ನೂ ಕೂರಿಸಿಕೊಂಡು ಎರಡು ಸಲ ಓದಿದೆವು. ಎರಡು ಪ್ರಶ್ನೆ ಉಳಿದಿದೆ. ಆಟೋಪೈಲಟ್ ಕರೆಂಟ್ ತುಂಬಾ ತಿನ್ನುತ್ತದಂತೆ, ನಮ್ಮಲ್ಲಿ 100 ಆಂಪ್ ಅವರ್‌ನ ಒಂದು ಲೆಡ್ ಆಸಿಡ್ ಬ್ಯಾಟರಿ, ಅದರಿಂದಲೇ ಎಂಜಿನ್ ಸ್ಟಾರ್ಟ್ ಕೂಡ. ಎರಡನೆಯದು, ಅಮೆರಿಕದಲ್ಲಿರುವ ತಮ್ಮ ಸ್ಯಾಟಲೈಟ್ ಮೆಸೇಜ್ ಕಳಿಸುವ ಚಿಕ್ಕ ಯಂತ್ರ ತಂದುಕೊಡುತ್ತೇನೆ ಅಂದಿದ್ದಾನೆ. ಅಮ್ಮನಿಗೆ ದಿನಾ ಮೆಸೇಜ್ ಹೋದರೆ ಸಮಾಧಾನ. ತರಿಸಲಾ?

ಹನ್ನೆರಡು ವೋಲ್ಟ್

ಎರಡನೆಯದಕ್ಕೆ ಮೊದಲು ಉತ್ತರ. ತರಿಸಬೇಡಿ. ನಮ್ಮ ದೇಶದಲ್ಲಿ ಇರಿಡಿಯಂ, ತುರಾಯಾ ಸ್ಯಾಟಲೈಟ್ ಫೋನುಗಳನ್ನು ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇಟ್ಟುಕೊಳ್ಳುವ ಹಾಗಿಲ್ಲ. ಆ ಮೆಸೇಜ್ ಯಂತ್ರಗಳಲ್ಲಿ ಹೆಚ್ಚಿನವು ಓಡುವುದೂ ಇರಿಡಿಯಂ ಮೇಲೆಯೇ. ಗೋವಾ ಏರ್‌ಪೋರ್ಟ್‌ನಲ್ಲೇ ಅಂಥದ್ದನ್ನು ತಂದ ವಿದೇಶಿಯರನ್ನು ಹಿಡಿದು ಕೇಸ್ ಹಾಕಿದ್ದಾರೆ. ಕಾರವಾರದ ನೌಕಾನೆಲೆ ಎದುರು ಹಾದುಹೋಗುವ ದೋಣಿಯಲ್ಲಿ ಅದು ಸಿಕ್ಕರೆ ಏನಾಗಬಹುದು ಯೋಚಿಸಿ.

ಅದರ ಬದಲು ಈಪರ್ಬ್ (ಅಪಾಯದಲ್ಲಿದ್ದೇವೆ ಅಂತ ಉಪಗ್ರಹಕ್ಕೆ ತಿಳಿಸುವ ರೇಡಿಯೋ ಯಂತ್ರ) ತಗೊಳ್ಳಿ, 406 ಮೆಗಾಹರ್ಟ್ಸ್‌ನದ್ದು. ದಿನದ ಮೆಸೇಜ್ ಕಳಿಸಲು ಆಗುವುದಿಲ್ಲ ನಿಜ, ಆದರೆ ದೋಣಿ ಮುಳುಗಿದರೂ ಅದು ತೇಲಿಕೊಂಡು ಕನಿಷ್ಠ 48 ಗಂಟೆ ಕೂಗುತ್ತಿರುತ್ತದೆ. ಆ ಕೂಗು ಉಪಗ್ರಹದ ಮೂಲಕ ಬಂದು ಸೇರುವುದು ಎಲ್ಲಿಗೆ ಗೊತ್ತಾ? ನಮ್ಮ ಬೆಂಗಳೂರಿಗೆ, ಇಸ್ರೋದ ಇಸ್ಟ್ರಾಕ್ ಕೇಂದ್ರಕ್ಕೆ. ಅಲ್ಲಿಂದ ಕೋಸ್ಟ್ ಗಾರ್ಡ್‌ಗೆ ಸುದ್ದಿ ಹೋಗುತ್ತದೆ. ತಂದ ಕೂಡಲೇ ರಿಜಿಸ್ಟರ್ ಮಾಡಿಸಿ, ಇಲ್ಲದಿದ್ದರೆ ಯಾರ ದೋಣಿ, ಎಷ್ಟು ಜನ ಅಂತ ಅವರಿಗೆ ತಿಳಿಯುವುದಿಲ್ಲ. ಒಬ್ಬರೇ ಹಾಯಿದೋಣಿಯಲ್ಲಿ ಲೋಕ ಸುತ್ತುವ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ ದಾರಿ ಹುಡುಕಲು ಜಿಪಿಎಸ್ ಬಳಸುವ ಹಾಗಿಲ್ಲ, ಸೂರ್ಯ ನಕ್ಷತ್ರ ನೋಡಿ ಜಾಗ ಹಿಡಿಯುವ ಸೆಕ್ಸ್‌ಟಂಟ್ ಒಂದೇ. ಆದರೆ ಈಪರ್ಬ್ ಕಡ್ಡಾಯ. 2018ರ ಸೆಪ್ಟೆಂಬರ್‌ನಲ್ಲಿ ಅದೇ ರೇಸ್‌ನಲ್ಲಿ ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿ ಅವರ ತುರಿಯಾ ದೋಣಿ ಕಂಬ ಮುರಿದುಕೊಂಡು, ಅವರು ಬೆನ್ನುಮೂಳೆ ಪೆಟ್ಟಾಗಿ ಮಲಗಿದ್ದು ಆಸ್ಟ್ರೇಲಿಯಾದ ಪರ್ತ್‌ನಿಂದ ಸುಮಾರು 1,900 ಮೈಲಿ ದೂರದಲ್ಲಿ. ಜಾಗ ತಿಳಿಯುತ್ತಿದ್ದದ್ದರಿಂದ ಮೂರನೇ ದಿನ ಒಂದು ಫ್ರೆಂಚ್ ಹಡಗು ಬಂದು ಎತ್ತಿಕೊಂಡಿತು. ಮನೆಯವರಿಗೆ ಇದನ್ನು ಹೇಳಿ. ಕೋಸ್ಟ್ ಗಾರ್ಡ್‌ನ 1554 ನಂಬರನ್ನೂ ಫ್ರಿಜ್ ಮೇಲೆ ಬರೆದು ಅಂಟಿಸಿ.

ಈಗ ಬ್ಯಾಟರಿ. 31 ಅಡಿ ದೋಣಿಯ ಟಿಲ್ಲರ್ ಪೈಲಟ್ (ಚುಕ್ಕಾಣಿ ಹಿಡಿಗೆ ಕಟ್ಟುವ ಚಿಕ್ಕ ಆಟೋಪೈಲಟ್) ಅಲೆಯಲ್ಲಿ ಸರಾಸರಿ 2 ಆಂಪ್ ಅಂದುಕೊಳ್ಳಿ, 24 ಗಂಟೆಗೆ 48 ಆಂಪ್ ಅವರ್. ಚಿಕ್ಕ ಪ್ಲಾಟರ್ 1 ಆಂಪ್, ಅದು 24. ವಿಎಚ್‌ಎಫ್ ಸುಮ್ನೆ ಕೇಳಿಸಿಕೊಳ್ಳುತ್ತಿದ್ದರೆ 10, ಎಐಎಸ್ 6, ಎಲ್‌ಇಡಿ ದೀಪ ಮತ್ತು ಆಳದ ಮೀಟರ್ ಸೇರಿ 5. ಒಟ್ಟು 93. ನಿಮ್ಮ 100ರ ಬ್ಯಾಟರಿಯಲ್ಲಿ ಹಾಳಾಗದಂತೆ ತೆಗೆಯಬಹುದಾದ್ದು 50. ಅಂದರೆ ಬೆಳಗಿನ ಜಾವಕ್ಕೆ, ಸರಿಯಾಗಿ ಬಂದರು ಹತ್ತಿರ ಬರುವ ಹೊತ್ತಿಗೆ, ಎಲ್ಲ ಕಣ್ಣು ಮುಚ್ಚುತ್ತದೆ, ಎಂಜಿನ್ನೂ ಸ್ಟಾರ್ಟ್ ಆಗುವುದಿಲ್ಲ. ಮೊದಲ ಕೆಲಸ ಎಂಜಿನ್‌ಗೆ ಬೇರೆ ಬ್ಯಾಟರಿ. ಉಳಿದದ್ದಕ್ಕೆ 100ರ ಲಿಥಿಯಂ ಒಂದು, 100 ವ್ಯಾಟ್ ಸೋಲಾರ್ ಎರಡು. ಎರಡೂ ಸೇರಿ ನಮ್ಮ ಬಿಸಿಲಿಗೆ ದಿನಕ್ಕೆ 50 ರಿಂದ 60 ಕೊಡುತ್ತವೆ, ಬಾಕಿ ಎಂಜಿನ್‌ನಿಂದ. ಆದರೆ ಲಿಥಿಯಂಗೆ ಎಂಜಿನ್‌ನ ಆಲ್ಟರ್ನೇಟರ್‌ನಿಂದ (ಕರೆಂಟ್ ಹುಟ್ಟಿಸುವ ಭಾಗ) ನೇರ ತಂತಿ ಎಳೆಯಬೇಡಿ, ನಡುವೆ ಕರೆಂಟನ್ನು ಮಿತಿಯಲ್ಲಿಡುವ ಡಿಸಿ ಡಿಸಿ ಚಾರ್ಜರ್ ಇರಲಿ, ಇಲ್ಲದಿದ್ದರೆ ಆಲ್ಟರ್ನೇಟರ್ ಸುಟ್ಟುಹೋಗುತ್ತದೆ. ನಿಮ್ಮ ಪಟ್ಟಿ ಬರೆದುಕೊಟ್ಟವರು ಇಷ್ಟು ಸಾಮಾನಿಗೆ ಕರೆಂಟ್ ಎಲ್ಲಿಂದ ಅಂತ ಒಂದು ಸಾಲೂ ಬರೆದಿಲ್ಲ, ನನಗೆ ಬೇಜಾರಾಗಿದ್ದು ಅದಕ್ಕೆ.

ಸೆಕೆಂಡ್ ಮೇಟ್ ಉಳ್ಳಾಲ

ರೇಡಾರ್ ವಿಷಯದಲ್ಲಿ ಸೌತಾಂಪ್ಟನ್‌ನವರ ಮಾತು ಕೊಚ್ಚಿವರೆಗೆ ಒಪ್ಪುತ್ತೇನೆ. ಲಕ್ಷದ್ವೀಪಕ್ಕೆ ಹೋಗುವಾಗ ಮತ್ತೆ ಯೋಚಿಸಿ. ಮಂಗಳೂರಿನಿಂದ ಕವರತ್ತಿಗೆ ಸುಮಾರು 190 ಮೈಲಿ. ಮಿನಿಕಾಯ್ ಕಡೆಗೂ ಇಳಿದರೆ ನೈನ್ ಡಿಗ್ರಿ ಚಾನಲ್ ದಾಟಬೇಕು, ಅದು ನಮ್ಮ ಹಡಗುಗಳ ಹೆದ್ದಾರಿ. ಮಳೆಯ ಪರದೆ ಎದ್ದರೆ ಏನೂ ಕಾಣುವುದಿಲ್ಲ, ರೇಡಾರ್ ಇದ್ದರೆ ಆ ಮೋಡ ಎಲ್ಲಿಂದ ಬರುತ್ತಿದೆ ಅಂತ ಮೊದಲೇ ಗೊತ್ತಾಗಿ ಹಾಯಿ ಇಳಿಸಬಹುದು. ಹಾಗಂತ ರೇಡಾರ್ ಎಲ್ಲವನ್ನೂ ತೋರಿಸುವುದಿಲ್ಲ. 2025ರ ಮೇ 25ರಂದು ಕೊಚ್ಚಿ ಎದುರು ಎಂಎಸ್‌ಸಿ ಎಲ್ಸಾ 3 ಮುಳುಗಿದಾಗ ಅದರ ಮೇಲೆ 640 ಕಂಟೇನರ್ ಇದ್ದವು, ಎಷ್ಟೋ ಕಂಟೇನರ್ ತೇಲಿಕೊಂಡು ಕೇರಳದ ತಡಿಗೆ ಬಂದವು. ನೀರಿನ ಮಟ್ಟಕ್ಕೆ ತೇಲುವ ಕಂಟೇನರ್ ರೇಡಾರ್‌ಗೂ ಸಿಗುವುದು ಕಷ್ಟ.

ಕಾರವಾರದ ಹತ್ತಿರ ನೌಕಾಪಡೆಯ ಹಡಗುಗಳು ಎಐಎಸ್ ಆಫ್ ಮಾಡಿಕೊಂಡೇ ಓಡಾಡಬಹುದು. ಅಲ್ಲಿ 16ನೇ ಚಾನಲ್ ಜೋರಾಗಿಟ್ಟು ಕೇಳುತ್ತಿರಿ, ಕರೆದರೆ ಕೂಡಲೇ ಉತ್ತರ ಕೊಡಿ.

ಪಣಂಬೂರಿನವ

ಸರಿ, ತೀರ್ಮಾನ ಮಾಡಿದ್ದೇವೆ. ಮೊದಲು ಬ್ಯಾಟರಿ, ಸೋಲಾರ್. ಆಮೇಲೆ ಆಳದ ಮೀಟರ್, ವಿಎಚ್‌ಎಫ್, ಕ್ಲಾಸ್ ಬಿ ಎಐಎಸ್, ಈಪರ್ಬ್, ಟಿಲ್ಲರ್ ಪೈಲಟ್, 7 ಇಂಚಿನ ಪ್ಲಾಟರ್ ಒಂದು. ಎರಡು ಹಳೆಯ ಫೋನ್‌ಗಳಲ್ಲಿ ನಕ್ಷೆ ಇಳಿಸಿ ಒಂದನ್ನು ನೀರು ಹೋಗದ ಡಬ್ಬಿಯಲ್ಲಿಡುತ್ತೇವೆ. ಕಡಲ ನಕ್ಷೆ ಮಾಡುವ ಡೆಹ್ರಾಡೂನ್‌ನ ಹೈಡ್ರೋಗ್ರಾಫಿಕ್ ಆಫೀಸಿನ ಪೇಪರ್ ಚಾರ್ಟ್ ಕೂಡ ತರಿಸುತ್ತೇವೆ. ರೇಡಾರ್, ಗಾಳಿ ಮೀಟರ್, ಎರಡನೇ ಪರದೆ ಈ ವರ್ಷ ಇಲ್ಲ. ಮೂರೂವರೆ ಲಕ್ಷ ಸ್ವಲ್ಪ ದಾಟುತ್ತದೆ, ಭಾವ ಒಪ್ಪಿದ್ದಾರೆ. ಕಾರವಾರವನ್ನು ಮಧ್ಯಾಹ್ನ 1 ಗಂಟೆಗೆ ಬಿಟ್ಟು ಮಾರನೇ ಬೆಳಿಗ್ಗೆ 8ರ ಸುಮಾರಿಗೆ ಮಲ್ಪೆ ಎದುರು ಬರುವ ಲೆಕ್ಕ.

ಕೊನೆಯ ಒಂದು ಸಂಶಯ. ಆಳದ ಮೀಟರ್ ತೋರಿಸುವುದು ನೀರಿನ ಮೇಲ್ಮೈಯಿಂದಲೋ, ದೋಣಿಯ ಅಡಿಯಿಂದಲೋ?

ಮಲ್ಪೆ ಬಂದರು

ಅದನ್ನು ನಾವೇ ಸೆಟ್ ಮಾಡಬೇಕು. ಏನೂ ಮಾಡದಿದ್ದರೆ ಸೆನ್ಸರ್ ಕೂತಿರುವ ಜಾಗದಿಂದ ಅಳೆಯುತ್ತದೆ. ಒಂದು ಸೀಸದ ಗುಂಡು ತಗೊಂಡು ಗಟ್ಟಿ ದಾರಕ್ಕೆ ಕಟ್ಟಿ, ಮಾರಿಗೊಂದು ಗಂಟು ಹಾಕಿ. ಲಂಗರು ಹಾಕಿ ನಿಂತಾಗ ಇಳಿಬಿಟ್ಟು, ಗಂಟು ಎಣಿಸಿ, ಟೇಪಿನಲ್ಲಿ ಅಳೆದು ಮೀಟರಿನ ಜೊತೆ ಹೋಲಿಸಿ. ಎಷ್ಟು ವ್ಯತ್ಯಾಸ ಬಂತೋ ಅಷ್ಟನ್ನು ಅದರೊಳಗೆ ಹಾಕಿದರೆ ನೀರಿನ ಮಟ್ಟದಿಂದ ತೋರಿಸುತ್ತದೆ. ಯಾವುದರಿಂದ ಅಂತ ಚೀಟಿ ಬರೆದು ಮೀಟರ್ ಕೆಳಗೆ ಅಂಟಿಸಿ, ನಿದ್ದೆಗಣ್ಣಲ್ಲಿ ಭಾವನಿಗೆ ಗೊಂದಲ ಆಗಬಾರದು. ಗುಂಡಿನ ತಳದಲ್ಲಿ ಚಿಕ್ಕ ಗುಂಡಿ ಕೊರೆದು ಸ್ವಲ್ಪ ಗ್ರೀಸ್ ಮೆತ್ತಿದರೆ ಅಡಿಯಲ್ಲಿ ಕೆಸರೋ ಮರಳೋ ಅಂಟಿಕೊಂಡು ಬರುತ್ತದೆ, ಲಂಗರು ಹಿಡಿಯುತ್ತದೋ ಇಲ್ಲವೋ ತಿಳಿಯುತ್ತದೆ. ಆ ದಾರವನ್ನು ದೋಣಿಯಲ್ಲೇ ಇಟ್ಟುಕೊಳ್ಳಿ, ಮೀಟರ್ ಕೆಟ್ಟರೆ ಅದೇ ಮೀಟರ್.

ಹೊರಡುವ ಹಿಂದಿನ ದಿನ ಇಲ್ಲೇ ಒಂದು ಸಾಲು ಬರೆಯಿರಿ. ಅಳಿವೆ ಆಗ ಹೇಗಿದೆ ಅಂತ ನಾನು ಬೆಳಿಗ್ಗೆ ನೋಡಿಕೊಂಡು ಬಂದು ಹೇಳುತ್ತೇನೆ.